ದಾರ್ಸೈಟ್ ಕೌಬಾಯ್‌ನ ‘ಬಾಯ್ ಬಾಯ್’

ಎಲಿಯಾಸ್ ಅಂಕಲ್ ಒಂಟೆಯ ಮೇಲೆ ಕೂತಿದ್ದಾರೆ. ತಲೆಯ ಮೇಲೆ ಕೌಬಾಯ್ ಟೋಪಿ, ಕುತ್ತಿಗೆಗೆ ಕೆಂಪು ಕರ್ಚೀಫು, ಎದೆಗೆ ಅಡ್ಡವಾಗಿ ಗಿಟಾರ್, ಕಣ್ಣು ಎಲ್ಲೋ ದೂರದ ದಿಗಂತದಲ್ಲಿ. ಒಂಟೆಗೆ ಮಾತ್ರ ಇದ್ಯಾವುದೂ ಇಷ್ಟವಿಲ್ಲ. ಅದು ಕ್ಯಾಮೆರಾದ ಕಡೆಗೆ ತುಟಿ ಎತ್ತಿ ಹಲ್ಲು ತೋರಿಸುತ್ತಿದೆ.

ಇದು ಕ್ಯಾಸೆಟ್ಟಿನ ಕವರು. ಮೇಲೆ ಹಳದಿ ಇಂಗ್ಲಿಷ್ ಅಕ್ಷರಗಳಲ್ಲಿ ‘ದಾರ್ಸೈಟ್ ಕೌಬಾಯ್’ ಎಂದು ಬರೆದಿದೆ. ಮಂಚದ ಅಡಿಯಿಂದ ನಾನು ಎಳೆದ ಪೆಟ್ಟಿಗೆಯ ತುಂಬ ಅದೇ ಒಂಟೆ, ಅದೇ ಹಲ್ಲು.

“ಕುದುರೆ ಸಿಗ್ಲಿಲ್ವಾ ಅಂಕಲ್?”

“ಕುದುರೆಯವನು ಒಪ್ಲಿಲ್ಲ ಮಾರಾಯ್ತಿ. ಒಂಟೆಯವನು ಒಂದು ಪೆಪ್ಸಿಗೆ ಒಪ್ಪಿದ.”

“ಕೇಳ್ಬೇಡ ಅದರ ಕತೆ,” ಎಂದು ಕ್ಲೆಮೆಂಟಿನಾ ಆಂಟಿ ಅಡುಗೆಮನೆಯಿಂದಲೇ ಕೂಗಿದರು. “ಇಳಿಯುವಾಗ ಪ್ಯಾಂಟ್ ಹರಿದದ್ದು ನಾನೇ ಹೊಲಿದದ್ದು.”

ಎಲಿಯಾಸ್ ಅಂಕಲ್ ಮತ್ತು ಆಂಟಿ ಮಂಗಳೂರಿನ ಕುಲಶೇಖರದವರು, ಮನೆಯಲ್ಲಿ ಕೊಂಕಣಿ. ನಾವು ತುಳುವಿನವರು. ಮಸ್ಕತ್ತಿನ ದಾರ್ಸೈಟಿನ ಈ ಕಟ್ಟಡದಲ್ಲಿ ನಮ್ಮ ಬಾಗಿಲು ಅವರ ಬಾಗಿಲಿಗೆ ಎದುರು, ಆದ್ದರಿಂದ ನಡುವಿನ ಆ ನಾಲ್ಕು ಹೆಜ್ಜೆಯ ಜಾಗದಲ್ಲಿ ಎಲ್ಲರದ್ದೂ ಕನ್ನಡ. ನಾನು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ತಂದದ್ದು ಅಂಕಲ್‌ನ ಕಾರಿನಲ್ಲಿಯಂತೆ. ಈಗ ನಾನು ಕಾಲೇಜಿನ ಎರಡನೇ ವರ್ಷ, ಅಂಕಲ್‌ಗೆ ನಿವೃತ್ತಿ. ಎಸಿ ಕಂಪನಿಯ ಸ್ಟೋರಿನ ಬೀಗದ ಕೈ ಒಪ್ಪಿಸಿ ಬಂದಾಗಿದೆ. ಬರುವ ವಾರ ಫೈನಲ್ ಎಕ್ಸಿಟ್, ವೀಸಾ ಮುಗಿಸಿ ಶಾಶ್ವತವಾಗಿ ಊರಿಗೆ ಮರಳುವುದು. ಇಲ್ಲಿ ಎಲ್ಲರ ಬದುಕಿನಲ್ಲೂ ಒಂದು ದಿನ ಬರುವ, ಬರುವುದಿಲ್ಲವೇನೋ ಎಂದು ಎಲ್ಲರೂ ನಟಿಸುವ ಪದ ಅದು.

ಆ ಕ್ಯಾಸೆಟ್ ನಮ್ಮ ಕಡೆಯವರ ನಡುವೆ ದೊಡ್ಡ ಸಂಗತಿಯಾಗಿತ್ತು. ತೊಂಬತ್ತರ ದಶಕದಲ್ಲಿ ಅಂಕಲ್ ಒಂದು ವರ್ಷದ ಶುಕ್ರವಾರದ ರಜೆಗಳನ್ನೆಲ್ಲ ರುವಿ ಪೇಟೆಯ ಸ್ಟುಡಿಯೋದೊಳಗೆ ಕಳೆದು ಇಂಗ್ಲಿಷಿನಲ್ಲಿ ಹತ್ತು ಕಂಟ್ರಿ ಹಾಡುಗಳ ಆಲ್ಬಮ್ ಮಾಡಿದ್ದರು. ಎಲ್ಲವನ್ನೂ ಬರೆದದ್ದು, ಹಾಡಿದ್ದು ಅವರೇ. ಅದರಲ್ಲಿ ಎರಡು ಮಸ್ಕತ್ತಿನ ಇಂಗ್ಲಿಷ್ ರೇಡಿಯೋದಲ್ಲಿ, ಶುಕ್ರವಾರ ಸಂಜೆಯ ಕೋರಿಕೆ ಕಾರ್ಯಕ್ರಮದಲ್ಲಿ ಬಂದವು. ಮೊದಲನೆಯದು ‘ಫ್ರೈಡೇ ಬಿರಿಯಾನಿ’. ನಗೆಯ ಹಾಡು, ಬೇಗ ಮರೆತುಹೋಯಿತು. ಎರಡನೆಯದು ‘ಬಾಯ್ ಬಾಯ್’. ಅದು ಮಾತ್ರ ನಿಲ್ಲಲೇ ಇಲ್ಲ.

“ಬಾಯ್, ಬಾಯ್, ಬ್ಲೂ ವಾಟರ್ ಬಿಟ್ವೀನ್” ಎಂದು ನಿಧಾನವಾಗಿ ಶುರುವಾಗಿ, ಕೊನೆಗೆ ಕೌಬಾಯ್‌ಗಳು ಗಂಟಲು ಒಡೆದು ಕೂಗುವ ಹಾಗೆ “ಯೇ... ಯೇ... ಯೇ...” ಎಂದು ಮೇಲಕ್ಕೆ ಹೋಗಿ ಬೀಳುವ ಹಾಡು. ಊರಿಗೆ ಹೊರಟವರೆಲ್ಲ ಅದನ್ನೇ ಕೇಳಿದರು. ಲೇಬರ್ ಕ್ಯಾಂಪಿನ ಹುಡುಗರು, ನರ್ಸುಗಳು, ಟೀಚರುಗಳು, ಮದೀನತ್ ಸುಲ್ತಾನ್ ಖಾಬೂಸಿನ ದೊಡ್ಡ ಮನೆಗಳ ಮ್ಯಾನೇಜರುಗಳು ಕೂಡ. ರೇಡಿಯೋ ಮರೆತ ಮೇಲೂ ಬೀಳ್ಕೊಡುಗೆ ಪಾರ್ಟಿಗಳು ಅದನ್ನು ಮರೆಯಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನ್ನ ಜೀವದ ಗೆಳತಿ ಅಕ್ಷಯಾ ಊರಿಗೆ ಹೊರಟಳು. ಅವತ್ತು ತಾರಸಿಯಲ್ಲಿ ಅಂಕಲ್ ಗಿಟಾರ್ ಹಿಡಿದು ಹಾಡಿದ್ದು, ಸುಟ್ಟ ಕೋಳಿಯ ಹೊಗೆ ಕಣ್ಣಿಗೆ ಹೋಗಿ ಅಳು ಬಂತೆಂದು ನಾವಿಬ್ಬರೂ ಸುಳ್ಳು ಹೇಳಿದ್ದು, ರುವಿಯ ಕಡೆಯ ಬೆಟ್ಟಗಳು ಕಪ್ಪಾಗುವವರೆಗೆ ಕೈ ಹಿಡಿದು ಕೂತದ್ದು ಈಗಲೂ ನೆನಪಿದೆ. ಪಲ್ಲವಿ ಮುಗಿಯುವಷ್ಟರಲ್ಲಿ ಎಲ್ಲರೂ ಎದ್ದು ತಬ್ಬಿಕೊಳ್ಳುವುದು, ಫೋಟೋ ತೆಗೆಯುವುದು ಶುರುವಾಗುತ್ತಿತ್ತು. ಮುಂದಿನ ಸಾಲುಗಳನ್ನು ಯಾರೂ ಸುಮ್ಮನೆ ಕೂತು ಕೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.

“ಅಂಕಲ್, ನಿಮ್ಮ ಪಾರ್ಟಿಯಲ್ಲಿ ಅದನ್ನೇ ಹಾಡ್ಬೇಕು.”

“ನನ್ನ ಗಂಟ್ಲು ಈಗ ಆ ‘ಯೇ’ವರೆಗೆ ಹತ್ತುದಿಲ್ಲ.” ಅವರು ಒಂದು ಕ್ಯಾಸೆಟ್ಟನ್ನು ಅಂಗಿಗೆ ಒರೆಸಿದರು. “ಹಾಡುದು ಬೇಡ. ನನಗೆ ಒಂದೇ ಆಸೆ ಉಂಟು ಭವ್ಯಾ. ಹೋಗುವ ಮೊದಲು ವಿಲ್ಮಾ ಅದನ್ನು ಒಮ್ಮೆ ಕೂತು ಕೇಳ್ಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಪೂರ್ತಿ ಕೇಳಿದ್ದಿಲ್ಲ ಅವಳು. ಹಾಕಿದ್ರೆ ಎದ್ದು ಹೋಗ್ತಾಳೆ.”

ವಿಲ್ಮಾ ಅಕ್ಕ ಅವರ ಒಬ್ಬಳೇ ಮಗಳು, ಸಲಾಲಾದ ಇಂಡಿಯನ್ ಸ್ಕೂಲಿನಲ್ಲಿ ಟೀಚರ್.

“ಯಾಕೆ ಎದ್ದು ಹೋಗುದು?”

“ಅವಳಿಗೆ ಕಂಟ್ರಿ ಮ್ಯೂಸಿಕ್ ಆಗುದಿಲ್ಲ,” ಎಂದರು ಆಂಟಿ.

“ಅದು ಕಂಟ್ರಿ ಮ್ಯೂಸಿಕ್ ಅಂತ ಅಲ್ಲ ಕ್ಲೆಮ್ಮಿ,” ಎಂದರು ಅಂಕಲ್.

ಅಷ್ಟು ಸಾಕಾಯಿತು ನನಗೆ. ಆ ಹಾಡು ರೇಡಿಯೋದಲ್ಲೇ ಬರಬೇಕು, ಇಡೀ ಮಸ್ಕತ್ ಕೇಳುವಾಗ ವಿಲ್ಮಾ ಅಕ್ಕನೂ ಕೇಳಬೇಕು ಎಂದು ತೀರ್ಮಾನಿಸಿದೆ. ರೇಡಿಯೋದಲ್ಲಿ ಅಪ್ಪನ ಹಾಡು ಬಂದರೆ ಯಾರಾದರೂ ಎದ್ದು ಹೋಗುತ್ತಾರೆಯೇ?

ಶುಕ್ರವಾರದ ಕೋರಿಕೆ ಕಾರ್ಯಕ್ರಮ ಈಗಲೂ ಇದೆ. ಈಗ ವಾಟ್ಸಾಪಿನಲ್ಲಿ ವಾಯ್ಸ್ ನೋಟ್ ಕಳಿಸಿದರಾಯಿತು. ಆದರೆ ಹಾಡು ಅವರ ಹತ್ತಿರ ಇರಲಿಲ್ಲ. ನಾನು ಕ್ಯಾಸೆಟ್ ಹಿಡಿದು ರುವಿಯಲ್ಲಿ ಶಾಹುಲ್ ಹಮೀದ್ ಅಂಕಲ್‌ನ ರಿಪೇರಿ ಅಂಗಡಿಗೆ ಓಡಿದೆ. ಅವರು ಬಿ.ಸಿ. ರೋಡಿನ ಬ್ಯಾರಿ, ಕ್ಯಾಸೆಟ್ ಓಡಿಸುವ ಡೆಕ್ ಇನ್ನೂ ಇಟ್ಟುಕೊಂಡವರು.

“ಯಾ ಅಲ್ಲಾ, ಎಲಿಯಾಸಿನ ಒಂಟೆ!” ಎಂದು ಅವರು ಕವರಿಗೆ ಮುತ್ತು ಕೊಟ್ಟರು. “ನನ್ನ ತಮ್ಮ ಎಕ್ಸಿಟ್ ಹೋಗುವಾಗ ಇದನ್ನೇ ಹಾಕಿದ್ದು. ಅವ ಅತ್ತದ್ದು ನೋಡ್ಬೇಕಿತ್ತು ನೀನು. ಹೆಂಡತಿ ಹತ್ತಿರ ಹೋಗುದು, ಆದ್ರೂ ಅತ್ತ!” ಹಾಡು ಕಂಪ್ಯೂಟರಿಗೆ ಇಳಿಯುವ ತನಕ ಅವರು ತಮ್ಮನ ಅಳುವನ್ನು ವಿವರಿಸುತ್ತಲೇ ಇದ್ದರು. ಎರಡನೇ ಚರಣ ನನಗೆ ಅಲ್ಲಿಯೂ ಕೇಳಲಿಲ್ಲ.

ಅಂಗಡಿಯ ಮೆಟ್ಟಿಲಲ್ಲೇ ನಿಂತು ಹಾಡು ಕಳಿಸಿದೆ, ಜೊತೆಗೆ ಉಸಿರುಗಟ್ಟಿ ಒಂದು ವಾಯ್ಸ್ ನೋಟ್. ಸ್ವಲ್ಪ ಹೊತ್ತಿಗೆ ನಿರೂಪಕಿಯ ಉತ್ತರ ಬಂತು: “ಯಲ್ಲಾ, ಡನ್!” ನಾನು ಕುಣಿದೆ. ಟ್ಯಾಕ್ಸಿಯವರೊಬ್ಬರು ನನ್ನನ್ನು ನೋಡಿ ಹಾರ್ನ್ ಹೊಡೆದರು. ಮನೆಗೆ ಬಂದವಳೇ ಇಡೀ ಕಟ್ಟಡಕ್ಕೆ ಸುದ್ದಿ ಹಂಚಿದೆ. ಕೆಳಗಿನ ಕಿರಾಣಿ ಅಂಗಡಿಯ ಶಹೀದ್ ಅಣ್ಣನಿಗೂ, “ಶುಕ್ರವಾರ ಸಂಜೆ ರೇಡಿಯೋ ಜೋರಾಗಿ ಇಡಿ, ಆಯ್ತಾ?” ಎಂದು ಹೇಳಿಬಿಟ್ಟೆ.

ಬುಧವಾರ ವಿಲ್ಮಾ ಅಕ್ಕ ಬಂದಳು, ಜೊತೆಗೆ ನಾಲ್ಕು ವರ್ಷದ ಡೀನಾ. ಗುಂಗುರು ಕೂದಲಿನ, ಒಂದು ಕಡೆ ನಿಲ್ಲದ ಮಗು. ನಾನು ಸೂಟ್‌ಕೇಸ್ ಎತ್ತಲು ಹೋದೆ. ಅಷ್ಟರಲ್ಲಿ ಅಕ್ಕ ಮಗುವಿನ ಕಡೆ ತಿರುಗಿ “ಬಾಯ್!” ಎಂದಳು. ನಾನೂ ಮಗುವಿಗೆ ಟಾಟಾ ಮಾಡಿದೆ. ಮಗು ನನ್ನನ್ನು ವಿಚಿತ್ರವಾಗಿ ನೋಡಿತು.

“ಈಗ ಬಂದದ್ದಷ್ಟೇ ಅಲ್ವಾ ಅಕ್ಕ, ಎಲ್ಲಿಗೆ ಹೊರಟದ್ದು?”

“ಎಲ್ಲಿಗೂ ಇಲ್ಲ. ಯಾಕೆ?” ಎಂದಳು ಅಕ್ಕ. ಆಗಲೇ ಸೂಟ್‌ಕೇಸಿನ ಚಕ್ರ ಕಳಚಿ ಮೆಟ್ಟಿಲಲ್ಲಿ ಉರುಳಿ ಹೋಯಿತು, ಎಲ್ಲರೂ ಅದರ ಹಿಂದೆ ಓಡಿದೆವು, ಆ ಮಾತು ಅಲ್ಲಿಗೇ ಬಿತ್ತು.

ಗುರುವಾರ ನಾವಿಬ್ಬರೂ ಅಡುಗೆಮನೆಯಲ್ಲಿ ಪಿಂಗಾಣಿ ಬಟ್ಟಲುಗಳಿಗೆ ಪೇಪರ್ ಸುತ್ತುತ್ತಿದ್ದೆವು. ನಾನು ಗುನುಗುತ್ತಿದ್ದೆ ಎಂದು ಕಾಣುತ್ತದೆ.

“ಅದೊಂದು ಬೇಡ ಭವ್ಯಾ,” ಎಂದಳು ಅಕ್ಕ. “ಬಿರಿಯಾನಿ ಹಾಡು ಹಾಡು ಬೇಕಾದ್ರೆ.”

“ಎಂತಕ್ಕೆ ಅಕ್ಕ ಅದು ನಿಮಗೆ ಆಗುದಿಲ್ಲ?”

ಅವಳು ಬಟ್ಟಲಿಗೆ ಇನ್ನೊಂದು ಸುತ್ತು ಪೇಪರ್ ಹಾಕಿದಳು, ಬೇಕಾಗಿರಲಿಲ್ಲ. “ನಾನು ಚಿಕ್ಕವಳಿರುವಾಗ ಇವರಿಬ್ಬರೂ ಇಲ್ಲಿ, ನಾನು ಕುಲಶೇಖರದಲ್ಲಿ ಅಜ್ಜಿ ಹತ್ತಿರ. ಇಲ್ಲಿ ಇಬ್ಬರಿಗೂ ಡ್ಯೂಟಿ, ಒಂದೇ ಫ್ಲ್ಯಾಟಿನಲ್ಲಿ ಎರಡು ಸಂಸಾರ. ಗೊತ್ತುಂಟು ನನಗೆ, ಈಗ ಗೊತ್ತುಂಟು. ಆಗ ಗೊತ್ತಿತ್ತಾ? ಒಂದು ದಿನ ಯಾರೋ ಮಸ್ಕತ್ತಿನಿಂದ ಬಂದವರು ಈ ಕ್ಯಾಸೆಟ್ ತಂದು ಕೊಟ್ರು, ಪಪ್ಪ ಕಳಿಸಿದ್ದು ಅಂತ. ನಮ್ಮ ರಾಯ್‌ಸ್ಟನ್ ಉಂಟಲ್ಲ, ದೊಡ್ಡಪ್ಪನ ಮಗ, ಅವ ಕವರು ಓದಿದ. ‘ವಿಲ್ಮಾ, ನಿನ್ನ ಪಪ್ಪ ನಿನಗೆ ಬಾಯ್ ಬಾಯ್ ಹೇಳಿದ್ದಾರೆ, ರೇಡಿಯೋದಲ್ಲಿ! ಇನ್ನು ಬರುದಿಲ್ಲ!’ ದಿನಾ ಶಾಲೆ ದಾರಿಯಲ್ಲಿ ಅದೇ. ನನಗೆ ಆರು ವರ್ಷ.”

ನನ್ನ ಕೈಯಲ್ಲಿದ್ದ ಬಟ್ಟಲು ಅಲ್ಲಿಯೇ ನಿಂತಿತು.

“ಮುಂದಿನ ವರ್ಷ ನನ್ನನ್ನು ಇಲ್ಲಿಗೆ ಕರೆಸಿದ್ರು. ಆದ್ರೆ ಯಾವ ಅಪ್ಪ ಮಗುವನ್ನು ಬಿಟ್ಟು ಹೋಗಿ, ಬಾಯ್ ಬಾಯ್ ಅಂತ ಹಾಡು ಮಾಡಿ, ಅದನ್ನು ಊರಿಗೆಲ್ಲ ಕೇಳಿಸ್ತಾನೆ ಹೇಳು? ಜನ ಚಪ್ಪಾಳೆ ಹೊಡೀತಾರೆ. ನನಗೆ ಕೇಳ್ಲಿಕ್ಕೆ ಆಗುದಿಲ್ಲ, ಅಷ್ಟೇ.” ಮತ್ತೆ ತಗ್ಗಿದ ದನಿಯಲ್ಲಿ ಹೇಳಿದಳು, “ಪಪ್ಪನಿಗೆ ಹೇಳ್ಬೇಡ, ಆಯ್ತಾ? ಇಷ್ಟು ವರ್ಷ ಹೇಳ್ಲಿಲ್ಲ. ಹೋಗುವ ಹೊತ್ತಿಗೆ ಬೇಜಾರು ಮಾಡುದು ಬೇಡ.”

ನಾನು ತಲೆ ಅಲ್ಲಾಡಿಸಿದೆ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಿರೂಪಕಿಗೆ ಮೆಸೇಜ್ ಮಾಡಿದೆ: ದಯವಿಟ್ಟು ಆ ಹಾಡು ಬೇಡ, ಬದಲಿಗೆ ‘ಫ್ರೈಡೇ ಬಿರಿಯಾನಿ’ ಹಾಕಿ. ಉತ್ತರ ಬಂತು: ಅಯ್ಯೋ, ಜಾಹೀರಾತು ಕೂಡ ಹೋಗಿಯಾಗಿದೆ, ಹಳೆಯ ಕೇಳುಗರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ! ಜೊತೆಗೆ ಅಳುವ ಮುಖ, ಹೃದಯ, ಒಂಟೆ.

ರಾತ್ರಿ ಮನೆಯಲ್ಲಿ ನನ್ನ ಪಪ್ಪನಿಗೆ ಅರ್ಧಂಬರ್ಧ ಹೇಳಿದೆ. ನನ್ನ ಪಪ್ಪ ಭೋಜರಾಜ, ಆಫೀಸಿನಲ್ಲೂ ಮನೆಯಲ್ಲೂ ಗಲಾಟೆ ಬೇಡ ಎನ್ನುವವರು. “ನಿನಗೆ ಯಾರು ಹೇಳಿದ್ದು ಊರಿನ ಉಸಾಬರಿ? ಈಗ ಖಲಾಸ್, ಸುಮ್ನೆ ಇರು,” ಎಂದರು. ಆಮೇಲೆ, “ನಾವು ಮದುವೆಯಾಗಿ ಬಂದ ಹೊಸತರಲ್ಲಿ ಆ ಹಾಡು ಕೇಳಿದ್ರೆ ನಿನ್ನ ಅಮ್ಮ ಕಾರಿನ ಕಿಟಕಿ ಕಡೆ ತಿರುಗ್ತಿದ್ದಳು,” ಎಂದು ತಾವೇ ಸ್ವಲ್ಪ ಹೊತ್ತು ಕಿಟಕಿ ನೋಡಿದರು.

ಶುಕ್ರವಾರ ಬೆಳಗ್ಗೆ ಅಂಕಲ್ ಮನೆಯವರು ರುವಿಯ ಇಗರ್ಜಿಗೆ ಪೂಜೆಗೆ ಹೋಗಿ ಎಲ್ಲರಿಗೂ ವಿದಾಯ ಹೇಳಿ ಬಂದರು. ಸಂಜೆ ನಾವೆಲ್ಲ ಅವರ ಹಾಲಿನಲ್ಲಿ ಸೇರಿದೆವು. ಸೋಫಾ ಆಗಲೇ ಮಾರಿಹೋಗಿತ್ತು. ಟೇಪ್ ಸುತ್ತಿದ ರಟ್ಟಿನ ಪೆಟ್ಟಿಗೆಗಳ ಮೇಲೆ ಪಪ್ಪ, ಅಮ್ಮ, ಶಾಹುಲ್ ಹಮೀದ್ ಅಂಕಲ್ ಕೂತಿದ್ದರು. ಎಲಿಯಾಸ್ ಅಂಕಲ್ ಆ ಹಳೆಯ ಟೋಪಿ ಇಟ್ಟುಕೊಂಡು ಬಂದರು. ಟೋಪಿ ಅದೇ, ತಲೆ ಸ್ವಲ್ಪ ಸಣ್ಣದಾಗಿತ್ತು. ಆಂಟಿ ಸಾನ್ನಾ, ಕೋಳಿ ಸುಕ್ಕದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು.

ರೇಡಿಯೋದಲ್ಲಿ ನಿರೂಪಕಿ, “ಮಸ್ಕತ್ತಿನ ಅತ್ಯಂತ ಪ್ರೀತಿಯ ಗುಡ್‌ಬಾಯ್ ಹಾಡು, ಈ ಸಲ ಅದನ್ನು ಹಾಡಿದವರಿಗೇ ಗುಡ್‌ಬಾಯ್ ಹೇಳಲು” ಎಂದಳು. ದಾರ್ಸೈಟಿನ ಭವ್ಯಶ್ರೀ ಕೇಳಿದ್ದು ಎಂದೂ ಸೇರಿಸಿದಳು. ನನ್ನ ಹೆಸರು ರೇಡಿಯೋದಲ್ಲಿ ಬಂದರೆ ಕಿರುಚಿ ಕುಣಿಯಬೇಕೆಂದಿದ್ದೆ. ಈಗ ಪೆಟ್ಟಿಗೆಯೊಳಗೆ ಹೋಗಿ ಕೂರುವ ಹಾಗಾಯಿತು.

ವಿಲ್ಮಾ ಅಕ್ಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಅದೇ ಹೆಚ್ಚು ಚುಚ್ಚಿತು.

“ಡೀನಾಗೆ ಐಸ್‌ಕ್ರೀಮ್ ತೆಗೆಸಿ ಕೊಡ್ತೇನೆ,” ಎಂದು ಮಗುವಿನ ಕೈ ಹಿಡಿದು ಹೊರಟೇಹೋದಳು.

ಅಂಕಲ್ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ನಾನು ಚಪ್ಪಲಿಯೂ ಹಾಕದೆ ಮೆಟ್ಟಿಲಿಳಿದು ಓಡಿದೆ.

“ಅಕ್ಕ, ಸಾರಿ, ನನಗೆ ಗೊತ್ತಿರ್ಲಿಲ್ಲ, ನಾನು ಕ್ಯಾನ್ಸಲ್ ಮಾಡ್ಲಿಕ್ಕೆ ನೋಡಿದೆ...”

“ಇರ್ಲಿ ಬಿಡು ಮಾರಾಯ್ತಿ. ಮೂರು ನಿಮಿಷ ಅಲ್ವಾ.”

ಆದರೆ ಶಹೀದ್ ಅಣ್ಣನ ಅಂಗಡಿಯ ಬಾಗಿಲು ತಳ್ಳಿದರೆ ಒಳಗೆ ಅದೇ ರೇಡಿಯೋ, ಗಾಜು ಅದುರುವಷ್ಟು ಜೋರಾಗಿ. “ನೀವು ಹೇಳಿದ ಹಾಗೇ ಇಟ್ಟಿದ್ದೇನೆ!” ಎಂದು ಅಣ್ಣ ಹೆಬ್ಬೆರಳು ಎತ್ತಿದರು. ಅಕ್ಕ ಬಾಗಿಲಲ್ಲೇ ನಿಂತಳು. ಡೀನಾ ಮಾತ್ರ ಆಗಲೇ ಐಸ್‌ಕ್ರೀಮ್ ಫ್ರೀಜರಿನ ಹತ್ತಿರ ಮುಟ್ಟಿಯಾಗಿತ್ತು.

ಗಿಟಾರ್ ಬಂತು. ಅಂಕಲ್‌ನ ದನಿ ಬಂತು, ಇನ್ನೂ ಬಿರುಕು ಬಿಡದ, ಕಪ್ಪು ಮೀಸೆಯ ಕಾಲದ ದನಿ.

“ಬಾಯ್... ಬಾಯ್...”

ಡೀನಾ ಫ್ರೀಜರಿನಿಂದ ತಲೆ ಎತ್ತಿದಳು. “ಗ್ರ್ಯಾಂಡ್‌ಪಾ?” ಎಂದು ಅಕ್ಕಿಯ ಚೀಲಗಳ ಹಿಂದೆ ಇಣುಕಿದಳು. ಅಲ್ಲಿರಲಿಲ್ಲ. ನೀರಿನ ಬಾಟಲಿಗಳ ಹಿಂದೆ ಇಣುಕಿದಳು. ಅಲ್ಲಿಯೂ ಇಲ್ಲ. ರೇಡಿಯೋ ಗಂಟಲು ಒಡೆದು ಮೇಲಕ್ಕೆ ಹೋಯಿತು: “ಯೇ... ಯೇ... ಯೇ...”

“ಆಯ್ಲೆಂ!” ಎಂದು ಕೂಗಿದಳು ಡೀನಾ. ಐಸ್‌ಕ್ರೀಮ್ ಅಲ್ಲೇ ಬಿಟ್ಟು, ಅಮ್ಮನ ಕೈಯಡಿಯಿಂದ ನುಸುಳಿ, ಮೆಟ್ಟಿಲ ಕಡೆಗೆ ಓಡಿದಳು.

ನನಗೆ ಒಂದೂ ಅರ್ಥವಾಗಲಿಲ್ಲ. “ಎಂತ ಹೇಳಿದ್ದು ಅಕ್ಕ ಅವಳು?”

“ಬಂದೆ ಅಂತ.” ಅಕ್ಕನ ದನಿ ವಿಚಿತ್ರವಾಗಿತ್ತು.

“ಬಾಯ್ ಅಂದ್ರೆ ಬಂದೆ ಅಂತ ಯಾರಾದ್ರೂ ಹೇಳ್ತಾರಾ? ನೀವೂ ಹಾಗೇ, ಅವಳಿಗೆ ಬಾಯ್ ಅಂತೀರಿ, ಅವಳು ಹೋಗುದು ಬಿಟ್ಟು ಹತ್ತಿರ ಬರ್ತಾಳೆ. ನಾನು ಬುಧವಾರ ಸುಮ್ನೆ ಟಾಟಾ ಮಾಡಿದೆ.”

ಅಕ್ಕ ನನ್ನ ಕಡೆ ತಿರುಗಿದಳು. ರೇಡಿಯೋ ಕಡೆ ನೋಡಿದಳು. ಮತ್ತೆ ನನ್ನ ಕಡೆ.

“ನಮ್ಮ ಭಾಷೆಯಲ್ಲಿ...” ಎಂದಳು. ನಿಲ್ಲಿಸಿದಳು. “ನಮ್ಮ ಕೊಂಕಣಿಯಲ್ಲಿ ಸಣ್ಣ ಹುಡುಗಿಯನ್ನು ಬಾಯ್ ಅಂತ ಕರೆಯುದು ಭವ್ಯಾ. ಅಜ್ಜಿ ನನ್ನನ್ನು ಹಾಗೇ ಕರೀತಿದ್ದದ್ದು. ಯೇ ಅಂದ್ರೆ... ಯೇ ಅಂದ್ರೆ ಬಾ.”

ಇಡೀ ಹಾಡು ಇಂಗ್ಲಿಷ್, ಇಡೀ ಆಲ್ಬಮ್ ಇಂಗ್ಲಿಷ್, ತಲೆಯ ಮೇಲೆ ಕೌಬಾಯ್ ಟೋಪಿ. ನಡುವೆ ಎರಡು ಕೊಂಕಣಿ ಪದ ಕೂತಿವೆಯೆಂದು ಯಾರಿಗೆ ಹೊಳೆಯಬೇಕು?

“ಶಹೀದ್, ಸೌಂಡ್ ಕಡಿಮೆ ಮಾಡ್ಬೇಡಿ,” ಎಂದಳು ಅಕ್ಕ. ಅಣ್ಣ ಕಡಿಮೆ ಮಾಡುವವರೇ ಅಲ್ಲ.

ಹಾಗೆ, ಈರುಳ್ಳಿ ಬುಟ್ಟಿಗಳ ನಡುವೆ ನಿಂತು, ನಾವಿಬ್ಬರೂ ಮೊದಲ ಬಾರಿ ಎರಡನೇ ಚರಣ ಕೇಳಿದೆವು. ರುವಿಯಲ್ಲಿ ಒಂದು ಕೆಂಪು ಫ್ರಾಕ್ ಕೊಂಡೆ ಎನ್ನುತ್ತದೆ ಅದು. ನೀನು ಎಷ್ಟು ಎತ್ತರ ಬೆಳೆದಿದ್ದೀಯೋ ತಿಳಿಯದು, ಅಂಗಡಿಯವನಿಗೆ ನೆಲದಿಂದ ಕೈಯೆತ್ತಿ ತೋರಿಸಿದೆ, ಕೈ ಎಲ್ಲಿ ನಿಲ್ಲಿಸಬೇಕೆಂದೇ ಗೊತ್ತಾಗಲಿಲ್ಲ. ಆಮೇಲೆ ಮತ್ತೆ ಬಾಯ್, ಬಾಯ್, ನಡುವೆ ನೀಲಿ ನೀರು, ಯೇ, ಯೇ, ಯೇ.

“ಆ ಫ್ರಾಕ್ ನನ್ನ ಪಾದದವರೆಗೆ ಬರ್ತಿತ್ತು,” ಎಂದಳು ಅಕ್ಕ. “ಅಜ್ಜಿ ಮಡಚಿ ಹೊಲಿದು ಕೊಟ್ಟಿದ್ದು.” ಕಣ್ಣು ಒರೆಸಿಕೊಳ್ಳಲಿಲ್ಲ. ಹಾಡು ಮುಗಿದು ಕಾರಿನ ಟಯರಿನ ಜಾಹೀರಾತು ಶುರುವಾಗುವವರೆಗೆ ನಿಂತಿದ್ದಳು.

ನಾವು ಮೇಲೆ ಬಂದಾಗ ಡೀನಾ ಅಂಕಲ್‌ನ ತೊಡೆಯ ಮೇಲೆ, ಟೋಪಿ ಡೀನಾಳ ತಲೆಯ ಮೇಲೆ, ಮೂಗಿನವರೆಗೆ. ಅಂಕಲ್ ಬಾಗಿಲ ಕಡೆ ನೋಡಿದರು, ಬೇಗ ನೋಟ ತಪ್ಪಿಸಿದರು.

“ಪಪ್ಪಾ,” ಎಂದಳು ಅಕ್ಕ. ನಮ್ಮೆಲ್ಲರ ಎದುರಿಗೆ, ಕನ್ನಡದಲ್ಲೇ. “ಕವರಿನಲ್ಲಿ ಬಿ, ವೈ, ಇ ಅಂತ ಉಂಟಲ್ಲ?”

ಅಂಕಲ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ನಾನು ಬಿ, ಎ, ಐ ಅಂತಲೇ ಬರೆದು ಕೊಟ್ಟದ್ದು, ನಿನ್ನನ್ನು ಕರೆಯುವ ಬಾಯ್. ಪ್ರೆಸ್ಸಿನವ ಫೋನ್ ಮಾಡಿ, ‘ಸ್ಪೆಲ್ಲಿಂಗ್ ಮಿಸ್ಟೇಕ್ ಇತ್ತು ಸರ್, ನಾನೇ ಸರಿ ಮಾಡಿದ್ದೇನೆ’ ಅಂದ. ಖುಷಿಯಲ್ಲಿ ಹೇಳಿದ ಪಾಪ. ಅಷ್ಟರಲ್ಲಿ ಎಲ್ಲ ಪ್ರಿಂಟ್ ಆಗಿತ್ತು. ಇಲ್ಲಿ ರೇಡಿಯೋದವರು ಕವರು ನೋಡಿ ಗುಡ್‌ಬಾಯ್ ಹಾಡು ಅಂದ್ರು. ಜನ ಅಳ್ಲಿಕ್ಕೆ ಶುರು ಮಾಡಿದ್ರು. ಅಳುವವರ ಹತ್ತಿರ ಹೋಗಿ, ನೀವು ಅಳುದು ತಪ್ಪು ಅಂತ ಹೇಗೆ ಹೇಳುದು?”

“ನನಗೆ ಹೇಳ್ಬಹುದಿತ್ತಲ್ಲ.”

“ನಿನಗಾ?” ಅಂಕಲ್ ನಿಜವಾಗಿಯೂ ಗಾಬರಿಯಾದರು. “ನಿನಗೆ ಗೊತ್ತುಂಟು ಅಂತ ಅಲ್ವಾ ನಾನು! ಕೇಳಿದ ಕೂಡಲೇ ನನ್ನ ಮಗುವಿಗೆ ಗೊತ್ತಾಗ್ತದೆ ಅಂತ ಅಲ್ವಾ ಹಾಡಿದ್ದು. ಗೊತ್ತಿದ್ದೂ ನಿನಗೆ ಸಿಟ್ಟು ಅಂದ್ಕೊಂಡೆ, ಕರೆದವ ಬೇಗ ಕರೆಸ್ಕೊಳ್ಲಿಲ್ಲ ಅಂತ. ಆ ಸಿಟ್ಟು ಸರಿಯೇ ಅಂತ ಸುಮ್ನಿದ್ದೆ.”

ಶಾಹುಲ್ ಹಮೀದ್ ಅಂಕಲ್, “ಹಾಗಾದ್ರೆ ನನ್ನ ತಮ್ಮ ಅಷ್ಟು ಅತ್ತದ್ದು ಎಂತಕ್ಕೆ?” ಎಂದರು.

“ನಾನು ಆಗ್ಲೇ ಹೇಳಿದ್ದೆ, ಪ್ರೆಸ್ಸಿನವನಿಗೆ ಬಯ್ಯಿ ಅಂತ,” ಎಂದರು ಆಂಟಿ.

“ನೀನು ಎಂತದೂ ಹೇಳ್ಲಿಲ್ಲ ಕ್ಲೆಮ್ಮಿ. ನೀನು ಪ್ಯಾಂಟ್ ಹೊಲೀತಿದ್ದೆ.”

ಎಲ್ಲರೂ ನಕ್ಕರು, ಬೇಕಾದುದಕ್ಕಿಂತ ಜಾಸ್ತಿಯೇ ನಕ್ಕರು. ವಿಲ್ಮಾ ಅಕ್ಕ ನಗುತ್ತಲೇ ಹೋಗಿ ಅಂಕಲ್‌ನ ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ತಟ್ಟೆಗಳು ಬಂದವು. ಸಾನ್ನಾ ಮುಗಿಯಿತು, ಸುಕ್ಕ ಮುಗಿಯಿತು. ಕಿಟಕಿಯಾಚೆ ಬೆಟ್ಟಗಳು ನಿಧಾನವಾಗಿ ಕಪ್ಪಾದವು, ನನ್ನ ನಾಲ್ಕನೇ ಕ್ಲಾಸಿನ ಆ ಸಂಜೆಯಲ್ಲಿ ಆದ ಹಾಗೇ.

ಕೊನೆಗೆ ಉಳಿದದ್ದು ಆ ಕ್ಯಾಸೆಟ್ಟಿನ ಪೆಟ್ಟಿಗೆಯೊಂದೇ. ಅಂಕಲ್ ಅದರ ಮುಚ್ಚಳವನ್ನು ಒತ್ತಿ ಹಿಡಿದು, ತಲೆ ಎತ್ತದೆ, ಅಭ್ಯಾಸದ ದನಿಯಲ್ಲಿ ಕೂಗಿದರು:

“ಬಾಯ್, ಆ ಟೇಪ್ ಕೊಡು.”

ಡೀನಾ ಎದ್ದು ಓಡಿದಳು. ವಿಲ್ಮಾ ಅಕ್ಕನೂ ಎದ್ದಳು. ಇಬ್ಬರೂ ಒಂದೇ ಟೇಪಿಗೆ ಕೈ ಹಾಕಿದರು.

“ನನ್ನನ್ನು ಕರೆದದ್ದು!” ಎಂದಳು ಡೀನಾ.

“ನನ್ನನ್ನೂ,” ಎಂದಳು ಅಕ್ಕ. ಟೇಪ್ ಬಿಡಲಿಲ್ಲ.